ಬಾನೆಟ್ಟಿನ ಬಿಸಿ

ನಾನು ಜೀವಮಾನದಲ್ಲಿ ಒಂದು ಕಾರನ್ನೂ ಓಡಿಸಿದವನಲ್ಲ. ಆದರೆ ತಳ್ಳಿದ ಕಾರುಗಳು ಬೇಕಾದಷ್ಟಿವೆ. ಕಾಲೇಜಿನಲ್ಲಿ ಸಂಸ್ಕೃತ ಪಾಠ ಹೇಳಿಕೊಂಡಿದ್ದ ಕಾಲದಲ್ಲಿ ನನ್ನ ಸಹೋದ್ಯೋಗಿಗಳಲ್ಲಿ ಹಲವರು ಹಳೇ ಕಾರುಗಳನ್ನು ಇಟ್ಟುಕೊಂಡಿದ್ದರು. ಅವುಗಳ ಹಿಂಭಾಗ ನನಗೆ ಚೆನ್ನಾಗಿ ಪರಿಚಯ. ಮುಂಭಾಗದ ವಿಷಯ ಅಷ್ಟಾಗಿ ಗೊತ್ತಿಲ್ಲ. ಕೀಲಿ ತಿರುಗಿಸಿದರೆ ಹೊರಡುತ್ತದೆ, ಹೊರಡದಿದ್ದರೆ ನನ್ನನ್ನು ಕರೆಯುತ್ತಾರೆ. ವಾಹನಶಾಸ್ತ್ರದಲ್ಲಿ ನನ್ನ ಪಾಂಡಿತ್ಯ ಇಷ್ಟೇ. ಇಂಥವನು ಹೋದ ವರ್ಷ ಹಳೇ ಕಾರುಗಳ ಪರೀಕ್ಷಕನಾಗಿ ಶಿವಮೊಗ್ಗ, ಭದ್ರಾವತಿ ಅಂತ ತಿರುಗಿದೆ ಎಂದರೆ ನಿಮಗೆ ನಗು ಬರಬಹುದು. ನಕ್ಕುಬಿಡಿ. ನನ್ನ ಹೆಂಡತಿ ಈಗಲೂ ನಗುತ್ತಾಳೆ.

ತಿರುಗಿದ್ದೂ ಅವಳಿಗಾಗಿಯೇ. ಗಿರಿಜೆಗೆ ಮುಖ್ಯೋಪಾಧ್ಯಾಯಿನಿಯಾಗಿ ಬಡ್ತಿ ಬಂತು. ಬಡ್ತಿಯ ಬಾಲ ಹಿಡಿದುಕೊಂಡು ವರ್ಗವೂ ಬಂತು. ಹೊಸ ಶಾಲೆ ಸಕ್ರೆಬೈಲಿನ ಆಚೆ, ತೀರ್ಥಹಳ್ಳಿ ರಸ್ತೆ ಬಿಟ್ಟು ಕಾಡಿನೊಳಗೆ ತಿರುಗುವ ಒಂದು ದಾರಿಯ ಕೊನೆಯಲ್ಲಿದೆ. ಆ ದಾರಿಗೆ ಬಸ್ಸಿಲ್ಲ, ಅಲ್ಲಿ ಮೊಬೈಲಿಗೆ ಸಿಗ್ನಲ್ಲೂ ಇಲ್ಲ. ಅವಳು ಹಳೇ ಸ್ಕೂಟರಿನಲ್ಲಿ ಹೋಗಿಬರತೊಡಗಿದಳು. ಒಂದು ಸಂಜೆ ತಡವಾಗಿ ಬಂದವಳು ಉಪ್ಪಿಟ್ಟು ಮಾಡಿ, ನನಗೂ ಬಡಿಸಿ, ತಾನೂ ಒಂದು ತುತ್ತು ತಿಂದು, "ಇವತ್ತು ದಾರೀಲಿ ಆನೆ ನಿಂತಿತ್ತು ರೀ, ಅದಕ್ಕೇ ಲೇಟಾಯ್ತು" ಅಂದಳು. ರೈಲ್ವೆ ಗೇಟು ಹಾಕಿತ್ತು ಅನ್ನುತ್ತಾರಲ್ಲ, ಅದೇ ಧಾಟಿಯಲ್ಲಿ. ಸ್ಕೂಟರ್ ನಿಲ್ಲಿಸಿ ಒಂದು ತೇಗದ ಮರದ ಹಿಂದೆ ಅಡಗಿ ನಿಂತಿದ್ದಳಂತೆ. ತೇಗದ ಮರ ಅವಳಿಗಿಂತ ಸಪೂರ ಇದ್ದಿರಬೇಕು ಎಂದು ಹೇಳುವ ಧೈರ್ಯ ನನಗಾಗಲಿಲ್ಲ. ನನಗೆ ನಿಜವಾಗಿ ಭಯವಾಗಿತ್ತು.

ಕಾರು ತಗೊಳ್ಳೋಣ ಎಂದೆ. ಗಿರಿಜೆ ಕಾರು ಓಡಿಸುವುದನ್ನು ಮೊದಲೇ ಕಲಿತಿದ್ದಳು, ಚೆನ್ನಾಗಿಯೇ ಓಡಿಸುತ್ತಿದ್ದಳು. ಹೊಸ ಕಾರು ನಮ್ಮ ಕೈಗೆ ಎಟುಕುವಂಥದ್ದಲ್ಲ, ಹಾಗಾಗಿ ಹಳೆಯದೇ ಗತಿ. ಅಲ್ಲಿಗೆ ನನ್ನ ಭಯ ಕಡಿಮೆಯಾಗುವ ಬದಲು ಎರಡು ಪಟ್ಟಾಯಿತು. ಸ್ಕೂಟರ್ ಕೆಟ್ಟರೆ ಬಿಟ್ಟು ಓಡಬಹುದು. ಕಾಡಿನ ನಡುವೆ ಕಾರು ಕೆಟ್ಟು ನಿಂತರೆ ಒಳಗೆ ಕೂತವರು ಟಿಫಿನ್ ಡಬ್ಬಿಯೊಳಗಿನ ಚಪಾತಿಯೇ ಸರಿ. ಆನೆ ಸಸ್ಯಾಹಾರಿ ಎಂಬುದು ಆ ಹೊತ್ತಿನಲ್ಲಿ ಸಮಾಧಾನ ಕೊಡುವ ವಿಷಯವೇನಲ್ಲ. ಅಂದಮೇಲೆ ನಮಗೆ ಬೇಕಾದದ್ದು ಅಂದದ ಕಾರಲ್ಲ, ಮೈಲೇಜ್ ಕೊಡುವ ಕಾರೂ ಅಲ್ಲ. ಆ ದಾರಿಯಲ್ಲಿ ಇವಳನ್ನು ಕೈಬಿಡದ ಕಾರು. ತಳ್ಳಲು ಅಲ್ಲಿ ನಾನಿರುವುದಿಲ್ಲವಲ್ಲ!

ಶಿವಮೊಗ್ಗದ ವಿನೋಬನಗರದ ನಮ್ಮ ರಸ್ತೆಯಲ್ಲಿ ಒಬ್ಬರು ಹಳೇ ಕಾರು ಕೊಳ್ಳುತ್ತಾರೆಂದರೆ ಉಳಿದವರಿಗೆಲ್ಲ ಕೆಲಸ ಸಿಕ್ಕಿದ ಹಾಗೆ. ಪಕ್ಕದ ಮನೆಯ ರಾಜಶೇಖರ್ ಈ ವಿಷಯದಲ್ಲಿ ನನ್ನ ಗುರುಗಳಾದರು. ಅವರು ನಿವೃತ್ತರಾದ ಮೇಲೆ ಮೊಬೈಲಿನಲ್ಲಿ ಕಾರುಗಳ ವಿಡಿಯೋ ನೋಡಿ ನೋಡಿ, ಸ್ವಂತಕ್ಕೆ ಒಂದು ಸೈಕಲ್ಲೂ ಇಲ್ಲದಿದ್ದರೂ, ಎಲ್ಲ ಕಾರುಗಳ ಒಳಗುಟ್ಟನ್ನು ತಿಳಿದವರು. "ಲಕ್ಷ ಕಿಲೋಮೀಟರ್ ದಾಟಿದ್ದನ್ನ ಮುಟ್ಟಲೇಬೇಡಿ ಮಾರಾಯ್ರೆ" ಎಂಬುದು ಅವರ ಮೊದಲ ಉಪದೇಶ. "ಮೀಟರ್ ನಂಬಬೇಡಿ, ಅದನ್ನ ಹಿಂದಕ್ಕೆ ತಿರುಗಿಸ್ತಾರೆ. ಪೆಡಲ್ ರಬ್ಬರ್ ನೋಡಿ, ಎಷ್ಟು ಸವೆದಿದೆ ಅಂತ" ಎರಡನೆಯದು. ಮೂರನೆಯದನ್ನು ಅವರು ದನಿ ತಗ್ಗಿಸಿ ಹೇಳಿದರು: "ಹೋದ ತಕ್ಷಣ ಬಾನೆಟ್ ಮೇಲೆ ಕೈ ಇಡಿ. ಬೆಚ್ಚಗಿದ್ರೆ ಮಾತಾಡದೆ ವಾಪಸ್ ಬನ್ನಿ. ತಣ್ಣಗಿರೋ ಎಂಜಿನ್ ಸ್ಟಾರ್ಟ್ ಆಗೋದ್ರಲ್ಲೇ ಎಲ್ಲಾ ರೋಗಾನೂ ಗೊತ್ತಾಗೋದು. ಕಳ್ಳರು ನೀವು ಬರೋ ಮುಂಚೇನೇ ಬಿಸಿ ಮಾಡಿಟ್ಟಿರ್ತಾರೆ." ಮಂತ್ರದೀಕ್ಷೆ ಪಡೆದವನ ಹಾಗೆ ನಾನು ತಲೆಯಾಡಿಸಿದೆ.

ಯೋಚಿಸಿದರೆ ಇದೆಲ್ಲ ಹೊಸ ವಿದ್ಯೆಯೇನಲ್ಲ. ನಮ್ಮ ಹಿಂದಿನವರು ಕುದುರೆ ಕೊಳ್ಳುವಾಗ ಅದರ ಗೊರಸು, ಕಿವಿ, ಕೆನೆತ ಎಲ್ಲಕ್ಕೂ ಲಕ್ಷಣ ಬರೆದಿಟ್ಟರು. ಗಿರಿಜೆಯ ತಂದೆ ಹೋರಿ ಕೊಳ್ಳಲು ಹೋದರೆ ಮೊದಲು ಅದರ ಮೈಮೇಲಿನ ಸುಳಿ ನೋಡುತ್ತಿದ್ದರು, ಆಮೇಲೆ ಬಾಯಿ ಬಿಡಿಸಿ ಹಲ್ಲು ನೋಡುತ್ತಿದ್ದರು. ಹಲ್ಲು ಸುಳ್ಳು ಹೇಳುವುದಿಲ್ಲ ಎಂಬುದು ಅವರ ನಂಬಿಕೆ. ವಯಸ್ಸನ್ನು ಮುಚ್ಚಿಡುವ ಆಸೆ ಮಾರುವವನಿಗೆ, ಬಿಚ್ಚಿ ನೋಡುವ ಆಸೆ ಕೊಳ್ಳುವವನಿಗೆ. ಅಂದಿಗೂ ಅದೇ, ಇಂದಿಗೂ ಅದೇ. ಮೀಟರ್ ಹಿಂದಕ್ಕೆ ತಿರುಗಿಸುವವರನ್ನು ನಾನು ಕಟುವಾಗಿ ಬೈದಾಗ ಗಿರಿಜೆ, "ತಿಂಗಳಿಗೊಂದ್ ಸಲ ಬಚ್ಚಲಲ್ಲಿ ಮೀಸೆಗೆ ಕಪ್ಪು ಹಚ್ಕೊಳ್ಳೋರು ಮಾತಾಡ್ಬಾರ್ದು" ಅಂದಳು.

ಶಿವಮೊಗ್ಗದಲ್ಲಿ ನೋಡಿದ ಕಾರುಗಳ ಕಥೆಯೇ ಬೇರೆ. ಅವೆಲ್ಲ ಹಿಂದಿನ ಜನ್ಮದಲ್ಲಿ ಡಾಕ್ಟರುಗಳ ಕಾರುಗಳೇ ಆಗಿದ್ದವು. "ಡಾಕ್ಟ್ರ ಗಾಡಿ ಸಾರ್, ಮನೆಯಿಂದ ಕ್ಲಿನಿಕ್ಕು, ಕ್ಲಿನಿಕ್ಕಿಂದ ಮನೆ." ಡಾಕ್ಟರ ಕಾರಲ್ಲದಿದ್ದರೆ ವಾರಕ್ಕೊಮ್ಮೆ ದೇವಸ್ಥಾನಕ್ಕೆ ಮಾತ್ರ ಹೋಗುತ್ತಿದ್ದ ಒಬ್ಬ ಅಜ್ಜಿಯ ಕಾರು. ಈ ಊರಿನಲ್ಲಿ ಇಷ್ಟೊಂದು ಡಾಕ್ಟರುಗಳೂ ಇಷ್ಟೊಂದು ಭಕ್ತೆಯರೂ ಇದ್ದಾರೆಂಬುದು ನನಗೆ ಗೊತ್ತಿರಲಿಲ್ಲ. ಒಂದು ಕಾರಿನ ಮೀಟರ್ ಮೂವತ್ತು ಸಾವಿರ ಚಿಲ್ಲರೆ ತೋರಿಸುತ್ತಿತ್ತು. ಬಗ್ಗಿ ನೋಡಿದರೆ ಅದರ ಕ್ಲಚ್ ಪೆಡಲ್ಲಿನ ರಬ್ಬರು ದೇವಸ್ಥಾನದ ಹೊಸಿಲಿನ ಹಾಗೆ ನುಣ್ಣಗೆ ಸವೆದಿತ್ತು. ಅಜ್ಜಿಗೆ ಕಾಲು ನಡುಗುವ ಕಾಯಿಲೆ ಇತ್ತೇ ಎಂದು ಕೇಳಿದೆ. ಮಾರುವಾತ ನನ್ನನ್ನು ಇನ್ನೊಂದು ಕಾರಿನ ಕಡೆ ಕರೆದುಕೊಂಡು ಹೋದ.

ಹೀಗೆ ಬೇಸತ್ತಿದ್ದಾಗ ಭದ್ರಾವತಿಯ ಕಾರಿನ ಸುದ್ದಿ ಬಂತು. ಮಾಲೀಕರ ಹೆಸರು ಷಣ್ಮುಗಂ, ಕಾರ್ಖಾನೆಯ ಕಡೆಯ ಬೀದಿಯೊಂದರಲ್ಲಿ ಮನೆ, ನಾದಸ್ವರದ ವಿದ್ವಾಂಸರು. ಫೋನಿನಲ್ಲಿ ಎಷ್ಟು ಓಡಿದೆ ಎಂದು ಕೇಳಿದೆ. ಆ ಕಡೆಯಿಂದ ಸ್ವಲ್ಪವೂ ಸಂಕೋಚವಿಲ್ಲದ ಉತ್ತರ ಬಂತು: "ಮೂರು ಲಕ್ಷಕ್ಕೆ ಇನ್ನೊಂದ್ ನಾಲ್ಕೈದು ಮದುವೆ ಬಾಕಿ ಸಾಮಿ!"

ರಾಜಶೇಖರ್ ಇದನ್ನು ಕೇಳಿ ಎದೆ ಹಿಡಿದುಕೊಂಡರು. ನಾನೂ ಬೇಡವೆಂದೆ. ಗಿರಿಜೆ ಮಾತ್ರ, "ಇಷ್ಟು ದಿನ ಇದ್ದದ್ದನ್ನ ಇದ್ದ ಹಾಗೆ ಹೇಳಿದೋರು ಇವರೊಬ್ಬರೇ. ನೋಡ್ಕೊಂಡಾದ್ರೂ ಬರೋಣ" ಅಂದಳು. ಕಸಪೊರಕೆ ಕೊಳ್ಳಲೂ ಪಂಚಾಂಗ ನೋಡುವ ವಂಶ ನನ್ನದು. ಮರುದಿನದ ರಾಹುಕಾಲ ಕಳೆದು ಒಳ್ಳೆಯ ಹೊತ್ತು ನೋಡಿ, ಅವರಿಗೂ ತಿಳಿಸಿ, ಇಬ್ಬರೂ ಬಸ್ಸು ಹತ್ತಿದೆವು.

ಮನೆ ಮುಂದೆ ಬೇವಿನ ಮರದ ಕೆಳಗೆ ಕಾರು ನಿಂತಿತ್ತು. ಒಂದು ಕಾಲಕ್ಕೆ ಬೆಳ್ಳಿಯ ಬಣ್ಣ ಇದ್ದಿರಬೇಕು, ಈಗ ಹಳೇ ಸ್ಟೀಲ್ ಲೋಟದ ಬಣ್ಣ. ನೆತ್ತಿಯ ಮೇಲೆ ಕ್ಯಾರಿಯರ್. ಷಣ್ಮುಗಂ ಬಿಳಿ ಪಂಚೆ, ಜರಿಯಂಚಿನ ಶಲ್ಯದಲ್ಲಿ, ಕಚೇರಿಗೆ ಕೂರುವವರ ಹಾಗೆ ಸಿದ್ಧರಾಗಿ ನಿಂತಿದ್ದರು. "ಬನ್ನಿ ಸಾಮಿ, ಬನ್ನಿ ಟೀಚರಮ್ಮ. ಎಲ್ಲಾರೂ ವಂಡಿ ನಮ್ಮ ಮಗ ಇದ್ದಂಗೆ ಅಂತ ಹೇಳ್ತಾರೆ. ನಾನು ಹಂಗೆ ಹೇಳಲ್ಲ. ಮಗ ಮಾತು ಕೇಳಲ್ಲ, ಇದು ಕೇಳತ್ತೆ" ಎಂದು ತಮ್ಮ ಮಾತಿಗೆ ತಾವೇ ನಕ್ಕರು. ನಾನು ನಗಲಿಲ್ಲ. ಗುರೂಪದೇಶದಂತೆ ನೇರವಾಗಿ ಹೋಗಿ ಬಾನೆಟ್ಟಿನ ಮೇಲೆ ಅಂಗೈ ಇಟ್ಟೆ.

ಬೆಚ್ಚಗಿತ್ತು. ಬೆಚ್ಚಗೇನು, ಬಿಸಿಯಾಗಿಯೇ ಇತ್ತು.

"ಏನ್ ಸಾಮಿ, ಹಂಗೆ ಮುಟ್ಟಿ ನೋಡ್ತೀರ? ಜ್ವರ ಬಂದಿದೆಯಾ ಅದಕ್ಕೆ?" ಎಂದು ಷಣ್ಮುಗಂ ತಮಾಷೆ ಮಾಡಿದರು. ನನಗೆ ಮೈಯೆಲ್ಲ ಉರಿಯಿತು. ಮೂರು ಲಕ್ಷ ಎಂದು ಸತ್ಯಹರಿಶ್ಚಂದ್ರನ ಹಾಗೆ ಹೇಳಿದ್ದೆಲ್ಲ ನಾಟಕ, ಬಿಸಿ ಮಾಡಿಟ್ಟು ಕಾಯುತ್ತಿದ್ದಾರೆ. ಗುರುಗಳ ಮಾತನ್ನು ಚಾಚೂ ತಪ್ಪದೆ ಪಾಲಿಸಿದೆ: "ಇನ್ನೊಮ್ಮೆ ಬರ್ತೀವಿ" ಎಂದವನೇ ಹೊರಟುಬಿಟ್ಟೆ. ಅವರ ಹೆಂಡತಿ ಕಾಫಿಯ ತಟ್ಟೆ ಹಿಡಿದು ಹೊಸಿಲಿನಲ್ಲಿ ನಿಂತಿದ್ದರು. ಗಿರಿಜೆ ಏನೂ ತಿಳಿಯದೆ ನನ್ನ ಹಿಂದೆಯೇ ಬಂದಳು.

ಬಸ್ಸಿನಲ್ಲಿ ಕೂತು ಅವಳಿಗೆ ಬಾನೆಟ್ಟಿನ ರಹಸ್ಯ ವಿವರಿಸಿದೆ. ವಂಚನೆಯನ್ನು ಪತ್ತೆ ಹಚ್ಚಿದ ಹೆಮ್ಮೆ ನನ್ನ ದನಿಯಲ್ಲಿ ಇದ್ದಿರಬೇಕು. ಅವಳು ಎಲ್ಲ ಕೇಳಿಸಿಕೊಂಡಳು. ಶಿವಮೊಗ್ಗ ಹತ್ತಿರವಾದಾಗ ಕೇಳಿದಳು: "ಅಲ್ರೀ, ಚಕ್ರಕ್ಕೆ ಅಂಟಿದ್ದ ಲಿಂಬೆಹಣ್ಣು ನೋಡಿದ್ರಾ?"

"ಯಾವ ಲಿಂಬೆಹಣ್ಣು?"

"ಅಪ್ಪಚ್ಚಿ ಆಗಿ ಅಂಟ್ಕೊಂಡಿತ್ತಲ್ಲ. ರಸ ಇನ್ನೂ ಒಣಗಿರಲಿಲ್ಲ. ಗ್ಲಾಸಿಗೆ ಹಸಿ ಕುಂಕುಮ, ವಿಭೂತಿ. ಮುಂದೆ ಮಲ್ಲಿಗೆ ಹಾರ. ಕಾರು ಕೈಬಿಟ್ಟು ಹೋಗತ್ತೆ ಅಂತ ದೇವಸ್ಥಾನಕ್ಕೆ ಕರ್ಕೊಂಡು ಹೋಗಿ ಪೂಜೆ ಮಾಡಿಸ್ಕೊಂಡು ಬಂದಿದಾರೆ. ಬಿಸಿ ಇಲ್ದೆ ಇನ್ನೇನಿರತ್ತೆ? ನೀವು ಯಾವ ಹೊತ್ತು ಒಳ್ಳೇದು ಅಂತ ಹೊರಟ್ರೋ, ಅವರೂ ಅದೇ ಹೊತ್ತು ಒಳ್ಳೇದು ಅಂತ ಹೋಗಿದಾರೆ."

ಇಬ್ಬರೂ ನೋಡಿದ್ದು ಒಂದೇ ಪಂಚಾಂಗ! ಹಾರ, ಕುಂಕುಮ, ಲಿಂಬೆಹಣ್ಣು ಇವುಗಳ ನಡುವೆಯೇ ಹುಟ್ಟಿ ಬೆಳೆದ ನನ್ನ ಕಣ್ಣಿಗೆ ಅವಾವುವೂ ಬೀಳಲಿಲ್ಲ. ಮೊನ್ನೆ ಮೊನ್ನೆ ಕಲಿತ ಬಾನೆಟ್ಟು ಮಾತ್ರ ಬಿತ್ತು. ನನಗಾದ ನಾಚಿಕೆಯನ್ನು ಏನೆಂದು ಹೇಳಲಿ. ಕಾಫಿಯ ತಟ್ಟೆ ಹಿಡಿದು ನಿಂತ ಆಕೆಯ ಮುಖ ನೆನಪಾಗಿ ಬಸ್ಸಿನಲ್ಲೇ ಕುಗ್ಗಿಹೋದೆ.

ಇಳಿದ ಕೂಡಲೇ ಫೋನ್ ಮಾಡಿ ಇದ್ದದ್ದನ್ನು ಹೇಳಿದೆ. ಷಣ್ಮುಗಂ ಸಿಟ್ಟಾಗಬಹುದೆಂದುಕೊಂಡಿದ್ದೆ. ಅವರು ಹೊಟ್ಟೆ ತುಂಬ ನಕ್ಕರು. "ಅಯ್ಯೋ ಸಾಮಿ, ಅದನ್ನ ಅಲ್ಲೇ ಕೇಳ್ಬಾರ್ದಾ? ನನ್ ಹೆಂಡ್ತಿ ಕಾಫಿ ವಾಸನೆಗೇ ಓಡೋದ್ರು ಅಂತ ಬೇಜಾರ್ ಮಾಡ್ಕೊಂಡಿದಾಳೆ. ನಾಳೆ ಬನ್ನಿ, ಸೂರ್ಯ ಏಳೋ ಮುಂಚೆ ಬನ್ನಿ. ಇವತ್ತು ಇನ್ನು ನಾನು ಅದನ್ನ ಮುಟ್ಟಲ್ಲ. ಟೀಚರಮ್ಮನ ಕೈಯಿಂದಾನೇ ಸ್ಟಾರ್ಟ್ ಮಾಡಿಸಿ."

ಮಾಗಿಯ ಚಳಿ. ಮೊದಲ ಬಸ್ಸಿನಲ್ಲಿ ಹೋಗಿ ಇಳಿದಾಗ ಭದ್ರೆಯ ಮೇಲಿಂದ ಎದ್ದ ಮಂಜು ಬೀದಿಗಳನ್ನು ತುಂಬಿತ್ತು. ಬೇವಿನ ಮರದಿಂದ ಹನಿ ತೊಟ್ಟಿಕ್ಕುತ್ತಿತ್ತು. ನಾನು ಈ ಸಲ ಬಾನೆಟ್ ಮುಟ್ಟುವುದಿಲ್ಲವೆಂದು ನಿರ್ಧರಿಸಿಕೊಂಡು ಬಂದಿದ್ದೆ. ಷಣ್ಮುಗಂ ಬಿಡಬೇಕಲ್ಲ! ನನ್ನ ಕೈ ಹಿಡಿದು ತಾವೇ ಅದರ ಮೇಲೆ ಇಟ್ಟರು. ಮಜ್ಜಿಗೆಯ ಮಡಕೆ ಮುಟ್ಟಿದ ಹಾಗೆ ಕೊರೆಯುತ್ತಿತ್ತು. ಗಿರಿಜೆ ಒಳಗೆ ಕೂತಳು. ಕೀಲಿಯನ್ನು ಅರ್ಧ ತಿರುಗಿಸಿ, ಡೀಸೆಲ್ ಎಂಜಿನ್ ಒಳಗೊಳಗೇ ಕಾಯುವ ತನಕ ಉರಿಯುವ ಹಳದಿ ದೀಪ ಆರುವವರೆಗೆ ಕಾದು, ಪೂರ್ತಿ ತಿರುಗಿಸಿದಳು. ಕಾರು ಒಮ್ಮೆ ಗಂಟಲು ಸರಿಮಾಡಿಕೊಂಡಿತು. ಆಮೇಲೆ ಎದ್ದಿತು. ಎದ್ದ ಮೇಲೆ ಅದರ ಸದ್ದಿನಲ್ಲಿ ಏರುಪೇರೇ ಇಲ್ಲ, ಶ್ರುತಿ ಹಿಡಿದ ಹಾಗೆ ಒಂದೇ ಸಮನೆ. ಅಷ್ಟು ಹಳೆಯ ಯಂತ್ರ, ಅಂಥ ಚಳಿಯಲ್ಲಿ, ಯಾವ ತಕರಾರೂ ಇಲ್ಲದೆ ಕೆಲಸಕ್ಕೆ ಎದ್ದು ನಿಂತದ್ದು ನೋಡಿ ನನಗೆ ಮೈ ಜುಮ್ಮೆಂದಿತು.

ಒಳಗೆ ಬಗ್ಗಿ ಮೀಟರ್ ನೋಡಿದೆ. ಮೂರು ಲಕ್ಷಕ್ಕೆ ನಾಲ್ಕೈದು ಮದುವೆ ಬಾಕಿ ಇದ್ದದ್ದು ನಿಜ. ಪೆಡಲ್ಲುಗಳೂ ಅದಕ್ಕೆ ತಕ್ಕಂತೆಯೇ ಸವೆದಿದ್ದವು. ಆ ಅಂಕಿಗಳನ್ನು ನೋಡುತ್ತಾ ನನಗೆ ಇದ್ದಕ್ಕಿದ್ದಂತೆ ಚಂದ್ರನ ನೆನಪಾಯಿತು. ಚಂದ್ರ ನಮ್ಮಿಂದ ಸುಮಾರು ಮೂರು ಲಕ್ಷ ಎಂಬತ್ತು ಸಾವಿರ ಕಿಲೋಮೀಟರ್ ದೂರದಲ್ಲಿದ್ದಾನೆ ಎನ್ನುತ್ತಾರೆ. ಅಂದರೆ ಈ ಕಾರು, ಹಳೇ ಲೋಟದ ಬಣ್ಣದ ಈ ಕಾರು, ಡಿಕ್ಕಿಯಲ್ಲಿ ಡೋಲು ಹಾಕಿಕೊಂಡು ಚಂದ್ರಲೋಕದ ಮುಕ್ಕಾಲು ದಾರಿ ನಡೆದುಬಿಟ್ಟಿದೆ. ಅದೂ ಆಕಾಶದ ನುಣುಪಾದ ದಾರಿಯಲ್ಲಲ್ಲ, ನಮ್ಮ ಹೊಸನಗರದ, ತರೀಕೆರೆಯ, ಚನ್ನಗಿರಿಯ ಗುಂಡಿಗಳಲ್ಲಿ. ನಾನು ಹುಟ್ಟಿದಾರಭ್ಯ ನಡೆದದ್ದು, ಸೈಕಲ್ ತುಳಿದದ್ದು, ಬಸ್ಸಿನಲ್ಲಿ ಕೂತು ತೂಕಡಿಸಿದ್ದು ಎಲ್ಲ ಕೂಡಿಸಿದರೂ ಅಷ್ಟಾಗಲಾರದು. ಅದರ ಮುಂದೆ ನಿಂತಾಗ ಕಾಶಿಗೆ ನಡೆದೇ ಹೋಗಿ ಬಂದ ಹಿರಿಯರ ಮುಂದೆ ನಿಂತ ಹಾಗಾಯಿತು. ಕಾಲಿಗೆ ಬೀಳುವುದೊಂದು ಬಾಕಿ. ಲಕ್ಷ ದಾಟಿದ್ದನ್ನು ಮುಟ್ಟಬೇಡಿ ಎಂದರಲ್ಲ ರಾಜಶೇಖರ್. ನನಗೆ ಮುಟ್ಟಿ ಕಣ್ಣಿಗೊತ್ತಿಕೊಳ್ಳಬೇಕು ಅನ್ನಿಸಿತು.

ಕಾಫಿ ಬಂತು. ಈ ಸಲ ಎರಡು ಲೋಟ ಕುಡಿದೆ. ಷಣ್ಮುಗಂ ಕಾರಿನ ಚರಿತ್ರೆ ಹೇಳಿದರು. ಅದು ಓಡಿದ್ದೆಲ್ಲ ಮದುವೆಗಳಿಗೆ, ಗೃಹಪ್ರವೇಶಗಳಿಗೆ. ವಾದ್ಯದವರು ಮುಹೂರ್ತಕ್ಕೆ ಮುಂಚೆ ಇರಲೇಬೇಕು, ಮಾಂಗಲ್ಯಧಾರಣೆಯ ಹೊತ್ತಿಗೆ ಗಟ್ಟಿಮೇಳ ಇಲ್ಲದಿದ್ದರೆ ಆಗುತ್ತದೆಯೇ? "ಒಂದು ಮುಹೂರ್ತನೂ ತಪ್ಸಿಲ್ಲ ಸಾಮಿ" ಎಂದು ಮೀಸೆ ತಿರುವಿದರು. ಇಂಥ ಮಾತನ್ನು ಪರೀಕ್ಷಿಸುವ ಉಪಾಯ ಯಾವ ವಿಡಿಯೋದಲ್ಲೂ ಇಲ್ಲ, ಆದರೆ ನನ್ನ ಮನೆಯಲ್ಲೇ ಇತ್ತು. ಹೊಸಮನೆ ಬಡಾವಣೆಯಲ್ಲಿರುವ ಗಿರಿಜೆಯ ತಮ್ಮ ಸುಬ್ರಾಯ ಪೌರೋಹಿತ್ಯ ಮಾಡುವವನು, ಈ ಸೀಮೆಯ ಮದುವೆಗಳಲ್ಲಿ ಅರ್ಧಕ್ಕೆ ಅವನೇ ಪುರೋಹಿತ. ಹಿತ್ತಲಿಗೆ ಹೋಗಿ ಅವನಿಗೆ ಫೋನ್ ಮಾಡಿದೆ. "ಷಣ್ಮುಗಂ ಕಾರಾ? ಭಾವಾ, ನಾನೇ ಎಷ್ಟೋ ಸಲ ಲೇಟಾಗಿ ಹೋಗಿ ಬೈಸ್ಕೊಂಡಿದೀನಿ. ಆ ಕಾರು ಮಾತ್ರ ಯಾವಾಗ್ಲೂ ಛತ್ರದ ಮುಂದೆ ಮೊದಲೇ ನಿಂತಿರೋದು. ಅದನ್ನ ನೋಡಿದ್ರೆ ನಂಗೆ ಹೊಟ್ಟೆ ಉರೀತಿತ್ತು" ಅಂದ. ಪುರೋಹಿತರ ಹೊಟ್ಟೆಯುರಿಗಿಂತ ದೊಡ್ಡ ಸರ್ಟಿಫಿಕೇಟು ಬೇಕೇ?

"ಮತ್ತೆ ಯಾಕೆ ಮಾರ್ತಿದೀರಿ?" ಎಂದು ಕೇಳಿದೆ. ಷಣ್ಮುಗಂ ಕಟ್ಟಿಸಿದ ಹಲ್ಲಿನ ಸೆಟ್ಟು ಕಳಚಿ, ಬಾಯಿ ಅಗಲಿಸಿ ತೋರಿಸಿದರು. ಮುಂದಿನ ಹಲ್ಲುಗಳು ಇರಲಿಲ್ಲ. "ಹಲ್ಲು ಹೋದ್ರೆ ನಾದಸ್ವರ ಮುಗೀತು ಸಾಮಿ. ಗಾಳಿ ನಿಲ್ಲಲ್ಲ. ಕಟ್ಟಿಸ್ಕೊಂಡೆ, ಆದ್ರೆ ಕಟ್ಟಿಸಿದ ಹಲ್ಲಿಗೆ ಸ್ವರ ಬರಲ್ಲ. ವಂಡಿ ಇನ್ನೂ ಓಡ್ತೀನಿ ಅನ್ನತ್ತೆ. ನಾನು ನಿಂತೆ. ಮನೆ ಮುಂದೆ ಸುಮ್ನೆ ನಿಲ್ಸಿದ್ರೆ ತುಕ್ಕು ಹಿಡಿಯತ್ತೆ, ನೋಡಕ್ಕಾಗಲ್ಲ." ಹೇಳುತ್ತಾ ಹೇಳುತ್ತಾ ಅವರ ದನಿ ಒಡೆಯಿತು. ಹಲ್ಲು ನೋಡಿ ಹೋರಿ ಕೊಳ್ಳುತ್ತಿದ್ದ ಮಾವನವರ ಲೋಕದಲ್ಲಿ, ಮಾರುವವನೇ ತನ್ನ ಹಲ್ಲು ತೋರಿಸಿದ ವ್ಯಾಪಾರ ಇದೊಂದೇ ಇರಬೇಕು.

ಆಗ ಗಿರಿಜೆ, ಇಷ್ಟು ದಿನ ನನಗಾಗಲಿ ರಾಜಶೇಖರರಿಗಾಗಲಿ ಹೊಳೆಯದ ಪ್ರಶ್ನೆಯೊಂದನ್ನು ಕೇಳಿದಳು: "ಇದು ನಿಮಗೆ ಎಲ್ಲೆಲ್ಲಿ ಕೈಕೊಟ್ಟಿದೆ, ಅದನ್ನ ಹೇಳಿ."

ನಾನಾಗಿದ್ದರೆ ಒಳ್ಳೆಯದನ್ನೇ ಕೇಳುತ್ತಿದ್ದೆ. ಷಣ್ಮುಗಂ ಹುಮ್ಮಸ್ಸಿನಿಂದ ಎದ್ದು ಕೂತರು. ಆಗುಂಬೆ ಘಾಟಿಯಲ್ಲಿ ಒಮ್ಮೆ ಬೆಲ್ಟು ಹರಿದದ್ದು, ಅಂದಿನಿಂದ ಒಂದು ಬೆಲ್ಟನ್ನು ಸೀಟಿನ ಕೆಳಗೆ ಇಟ್ಟಿರುವುದು. ಹಿಂದಿನ ಎಡಗಡೆಯ ಗಾಜು ಇಳಿದರೆ ಏರುವುದಿಲ್ಲ, ಅದಕ್ಕೆ ಇಳಿಸಲೇಬಾರದು. ಕ್ಲಚ್ಚು ಹೊಸದು, ಹಿಂದಿನ ಸ್ಪ್ರಿಂಗು ಮುಂದಿನ ಮಳೆಗಾಲಕ್ಕೆ ಕೆಲಸ ಕೇಳಬಹುದು. "ಇನ್ನೊಂದಿದೆ ಟೀಚರಮ್ಮ. ಥಂಡಿ ಇದ್ದಾಗ ಸ್ಟೀರಿಂಗ್ ಪೂರ್ತಿ ಎಡಕ್ಕೆ ತಿರುಗಿಸಿದ್ರೆ ಹಾರ್ನು ತಾನೇ ಕೂಗತ್ತೆ. ಮೂರು ಜನ ಎಲೆಕ್ಟ್ರಿಷಿಯನ್ನು ನೋಡಿದ್ರು. ಅವ್ರ ಮುಂದೆ ಕೂಗಲ್ಲ." ಡಾಕ್ಟರ ಬಾಗಿಲಿಗೆ ಹೋದೊಡನೆ ಮಾಯವಾಗುವ ಹಲ್ಲುನೋವು ನನಗೂ ಗೊತ್ತು. ಗಿರಿಜೆ ಎಲ್ಲವನ್ನೂ ಗಮನವಿಟ್ಟು ಕೇಳಿದಳು. ಆಮೇಲೆ ನನ್ನ ಕಡೆ ತಿರುಗಿ, "ಇದೇ ಇರ್ಲಿ ರೀ" ಅಂದಳು.

ಕೊಟ್ಟದ್ದು ಎಷ್ಟೆಂದು ನಿಮಗೆ ಹೇಳುವುದಿಲ್ಲ. ಹೇಳಿದರೆ ಜಾಸ್ತಿಯಾಯಿತು ಎನ್ನುತ್ತೀರಿ, ವಿನೋಬನಗರದವರೆಲ್ಲ ಹಾಗೆಯೇ ಅಂದರು. ಕಾಗದಪತ್ರ ಮುಗಿದು ಕಾರು ತರಲು ಹೋದ ದಿನ ಷಣ್ಮುಗಂ ಕೀಲಿಯ ಗೊಂಚಲು ತಂದರು. ಅದರಲ್ಲಿ ಕೆಂಪು ದಾರಕ್ಕೆ ಕಟ್ಟಿದ ನಾದಸ್ವರಕ್ಕೆ ಸಿಕ್ಕಿಸಿ ಊದುವ ಹಳೆಯ ಪೀಪಿಯೊಂದು ತೂಗಾಡುತ್ತಿತ್ತು. ಅವರು ಕೀಲಿಯನ್ನು ಮಾತ್ರ ಬಿಡಿಸಿ ಗಿರಿಜೆಯ ಕೈಗಿಟ್ಟು, ದಾರವನ್ನೂ ಪೀಪಿಯನ್ನೂ ಶಲ್ಯದ ತುದಿಗೆ ಕಟ್ಟಿಕೊಂಡರು. "ಹಸು ಕೊಟ್ರೂ ಹಗ್ಗ ಕೊಡಲ್ಲ ಅಲ್ವಾ ಟೀಚರಮ್ಮ" ಅಂದರು. ಗಿರಿಜೆಗೆ ಅದು ಗೊತ್ತಿತ್ತು. ದನ ಕೊಳ್ಳಲು ಹೋಗುವವರು ಹಗ್ಗ ತಾವೇ ಒಯ್ಯಬೇಕು. ಅವಳು ಬ್ಯಾಗಿನಿಂದ ಹೊಸ ಹಸಿರು ದಾರವೊಂದನ್ನು ತೆಗೆದು ಅಲ್ಲೇ ಕೀಲಿಗೆ ಕಟ್ಟಿದಳು. ಷಣ್ಮುಗಂ ಕಣ್ಣೊರೆಸಿಕೊಂಡರು. ಕಾರಿಗಲ್ಲ, ಆ ದಾರಕ್ಕೆ ಎಂದು ನನಗನ್ನಿಸಿತು.

ಇಷ್ಟಾದರೂ ನನ್ನ ಭಯ ಪೂರ್ತಿ ಹೋಗಿರಲಿಲ್ಲ. ಶಾಲೆಯ ದಾರಿಯಲ್ಲಿ ಮೊದಲ ದಿನ ನಾನೂ ಜೊತೆಗೆ ಹೋದೆ. ಕಾವಲಿಗೆ ಎಂದು ಹೇಳಿಕೊಂಡೆ; ತಳ್ಳುವುದಕ್ಕೆ ಎಂಬುದು ಇಬ್ಬರಿಗೂ ಗೊತ್ತಿತ್ತು. ಸಂಜೆ ಪೋಷಕರ ಸಭೆ ಮುಗಿದು ಹೊರಡುವಾಗ ಬೆಳಕು ತಗ್ಗಿತ್ತು, ಮಂಜು ಇಳಿಯುತ್ತಿತ್ತು. ಕಾಡಿನ ದಾರಿಯ ಒಂದು ತಿರುವು ದಾಟಿದ್ದೇ ತಡ, ಗಿರಿಜೆ ಮೆಲ್ಲಗೆ ಬ್ರೇಕ್ ಒತ್ತಿ, ಎಂಜಿನ್ ಆರಿಸಿ, ದೀಪವನ್ನೂ ಆರಿಸಿದಳು.

ಮುಂದೆ ರಸ್ತೆಯ ಬಲಗಡೆ ಬಿದಿರು ಅಲ್ಲಾಡುತ್ತಿತ್ತು. "ಬಿಡಾರದ್ದೇ ಇರಬಹುದು" ಎಂದು ಪಿಸುಗುಟ್ಟಿದೆ. ಸಕ್ರೆಬೈಲಿನ ಬಿಡಾರದ ಆನೆಗಳನ್ನು ಕಾಡಿಗೆ ಮೇಯಲು ಬಿಡುತ್ತಾರೆ, ಅವುಗಳ ಕಾಲಿನಲ್ಲಿ ಎಳೆದಾಡುವ ಸರಪಳಿ ಇರುತ್ತದೆ. ಗಿರಿಜೆ ಕಿವಿಗೊಟ್ಟಳು. ಸರಪಳಿಯ ಸದ್ದಿಲ್ಲ. ಬಿದಿರು ಮುರಿಯುವ ಸದ್ದು ಮಾತ್ರ. ನಾನು ಅವಳ ಕಿವಿಯ ಹತ್ತಿರ ಬಗ್ಗಿದೆ.

"ಹಿಂದಕ್ಕೆ ತಗೋ."

"ಹಿಂದೆ ತಿರುವಿದೆ. ತಗೊಂಡ್ರೆ ಸ್ಟೀರಿಂಗ್ ಪೂರ್ತಿ ಎಡಕ್ಕೆ ತಿರುಗಿಸ್ಬೇಕು. ಈ ಥಂಡೀಲಿ ತಿರುಗಿಸಿದ್ರೆ ಕೂಗತ್ತೆ. ಸುಮ್ನೆ ಕೂತ್ಕೊಳಿ."

ಕೂತೆ. ನಮ್ಮ ಪ್ರಾಣ ಆ ಹೊತ್ತಿನಲ್ಲಿ ಒಂದು ದೋಷದ ಮೇಲೆ ನಿಂತಿತ್ತು. ಅದು ನಮಗೆ ಗೊತ್ತಿದ್ದ ದೋಷವಾದ್ದರಿಂದ ಉಳಿದಿತ್ತು. ಡಾಕ್ಟರ ಕಾರಾಗಿದ್ದರೆ ಯಾವಾಗ ಕೂಗುತ್ತಿತ್ತೋ, ಯಾರಿಗೆ ಗೊತ್ತು!

ಆಮೇಲೆ ಅವು ರಸ್ತೆಗೆ ಇಳಿದವು. ಮೊದಲು ಬಂದದ್ದು ಒಂದು ಮುದಿ ಹೆಣ್ಣಾನೆ. ಕಿವಿಯ ಅಂಚು ಹರಿದಿತ್ತು, ನೆತ್ತಿಯ ಎರಡೂ ಕಡೆ ಗುಳಿ ಬಿದ್ದಿತ್ತು, ಬೆನ್ನಿನ ಮೂಳೆ ಎದ್ದು ಕಾಣುತ್ತಿತ್ತು. ನಡುರಸ್ತೆಯಲ್ಲಿ ನಿಂತು ಸೊಂಡಿಲೆತ್ತಿ ನಮ್ಮ ಕಡೆಯ ಗಾಳಿಯನ್ನು ನೋಡಿತು. ಅದು ನಿಂತಷ್ಟು ಹೊತ್ತು ಬಿದಿರಿನೊಳಗೆ ಒಂದು ಎಲೆಯೂ ಅಲುಗಲಿಲ್ಲ. ಅದು ಹೆಜ್ಜೆ ಎತ್ತಿದ ಮೇಲೆ ಉಳಿದವು ಹೊರಬಂದವು: ಮೈ ಮಿರಮಿರ ಮಿಂಚುವ ಹರೆಯದವು, ತಾಯಿಯ ಹೊಟ್ಟೆಯಡಿ ನುಸುಳುವ ಒಂದು ಮರಿ. ಒಂದಾದರೂ ಆ ಮುದುಕಿಯನ್ನು ದಾಟಿ ಮುಂದೆ ಹೋಗಲಿಲ್ಲ. ಹಿಂಡಿನಲ್ಲಿ ಎಲ್ಲರಿಗಿಂತ ಹೆಚ್ಚು ದಾರಿ ನಡೆದವಳೇ ಮುಂದೆ. ನೀರೆಲ್ಲಿ, ಹಳ್ಳವನ್ನು ಎಲ್ಲಿ ದಾಟಬೇಕು, ಎಲ್ಲಿ ಸುಮ್ಮನೆ ನಿಲ್ಲಬೇಕು, ಅವಳ ಕಾಲಿಗೆ ಗೊತ್ತು. ಕಾಡಿನಲ್ಲಿ ಯಾರೂ ಲಕ್ಷ ದಾಟಿದವಳನ್ನು ಮುಟ್ಟಬೇಡಿ ಎನ್ನುವುದಿಲ್ಲ. ಭಯ ಯಾವಾಗ ಬಿಟ್ಟುಹೋಯಿತೋ ತಿಳಿಯದು, ನಾನು ಕೈಮುಗಿದುಕೊಂಡು ಕೂತಿದ್ದೆ.

ಹಿಂಡು ತುಂಗೆಯ ಕಡೆ ಇಳಿದು ಮರೆಯಾಯಿತು. ಕಾಡು ಮತ್ತೆ ಮುಚ್ಚಿಕೊಂಡಿತು. ಈಗ ಉಳಿದದ್ದು ಕೀಲಿಯೊಂದೇ. ಗಿರಿಜೆ ಹಳದಿ ದೀಪ ಆರುವವರೆಗೆ ಕಾದಳು. ನಾನು ಅಭ್ಯಾಸಬಲದಿಂದ ಬಾಗಿಲ ಹಿಡಿಯ ಮೇಲೆ ಕೈ ಇಟ್ಟಿದ್ದೆ, ತಳ್ಳಲು ಇಳಿಯಬೇಕಾದೀತೆಂದು. ಅವಳು ಕೀಲಿ ತಿರುಗಿಸಿ ಹೇಳಿದಳು: "ಕೈ ತೆಗೀರಿ. ಮುಹೂರ್ತ ತಪ್ಪಿಸೋ ಕಾರಲ್ಲ ಇದು." ಅವಳ ಮಾತು ಮುಗಿಯುವ ಮುಂಚೆ ಎಂಜಿನ್ ಎದ್ದಿತ್ತು. ಮುಂದೆ ಹೆದ್ದಾರಿಗೆ ಸೇರುವಲ್ಲಿ ಪೂರ್ತಿ ಎಡಕ್ಕೆ ತಿರುಗಿಸುವಾಗ ಹಾರ್ನು ತಾನಾಗಿಯೇ "ಪೋಂ" ಎಂದು ಕೂಗಿತು. ಇಬ್ಬರೂ ಕಣ್ಣಲ್ಲಿ ನೀರು ಬರುವಷ್ಟು ನಕ್ಕೆವು.

ಮೀಟರ್ ಈಗ ಮೂರು ಲಕ್ಷ ದಾಟಿದೆ. ದಾಟಿದ ದಿನ ಷಣ್ಮುಗಂ ಅವರಿಗೆ ಫೋನ್ ಮಾಡಿದೆವು, ಅವರು ಅಲ್ಲಿಂದಲೇ ಗಟ್ಟಿಮೇಳವನ್ನು ಬಾಯಲ್ಲಿ ನುಡಿಸಿದರು. ಹಲ್ಲಿಲ್ಲದ ಬಾಯಿ, ಗಾಳಿಯೇ ಹೆಚ್ಚು. ರಾಜಶೇಖರ್ ಈಗಲೂ ಕಾಂಪೌಂಡಿನಾಚೆಯಿಂದ ಕಾರನ್ನು ಅನುಮಾನದಿಂದ ನೋಡುತ್ತಾರೆ.

ಸಂಜೆ ನಾನು ಒಳಗೆ ಓದುತ್ತಾ ಕೂತಿರುತ್ತೇನೆ. ಕಿವಿ ಸ್ವಲ್ಪ ಮಂದ, ಕಾರು ಬಂದದ್ದು ಕೆಲವು ಸಲ ಕೇಳಿಸುವುದಿಲ್ಲ. ಹೊರಗೆ ಬಂದರೆ ಅದು ಗೇಟಿನೊಳಗೆ ಮಂಜಿನಲ್ಲಿ ತೊಯ್ದು ನಿಂತಿರುತ್ತದೆ, ಅಡುಗೆಮನೆಯ ದೀಪ ಉರಿಯುತ್ತಿರುತ್ತದೆ. ಆದರೂ ನಾನು ನೇರ ಒಳಗೆ ಹೋಗುವುದಿಲ್ಲ. ಯಾರೂ ನೋಡುತ್ತಿಲ್ಲವೆಂದು ಖಾತ್ರಿ ಮಾಡಿಕೊಂಡು, ಗುರುಗಳು ಹೇಳಿಕೊಟ್ಟ ಹಾಗೆಯೇ, ಬಾನೆಟ್ಟಿನ ಮೇಲೆ ಅಂಗೈ ಇಡುತ್ತೇನೆ. ಬೆಚ್ಚಗಿರುತ್ತದೆ. ಬೆಚ್ಚಗಿದ್ದರೆ ಮಾತಾಡದೆ ವಾಪಸ್ ಬನ್ನಿ ಎಂದಿದ್ದರಲ್ಲ, ಹಾಗೆಯೇ ಮಾತಾಡದೆ ಒಳಗೆ ಬಂದು ಗಿರಿಜೆ ಕೊಟ್ಟ ಕಾಫಿ ಕುಡಿಯುತ್ತೇನೆ.